ಹೆಸರು ಹೇಳದ ಗಾಳಿ

ಸೂಳೆಕೆರೆ ಏರಿಯ ಮೇಲೆ ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಕೋಚ್ ಗುರುಬಸವರಾಜ್ ತಲೆಯ ಟೋಪಿ ತೆಗೆದು ಮಗುಚಿ ಹಿಡಿದು, ಮಡಿಸಿದ ಚೀಟಿಗಳನ್ನು ಅದರಲ್ಲಿ ಹಾಕಿ ಕುಲುಕುತ್ತಿದ್ದರು. ಅದನ್ನು ಕಂಡು ಅಂಜಿನಮ್ಮನ ಎದೆ ಧಸಕ್ಕೆಂದಿತು. ಆರು ಹಾಯಿದೋಣಿ, ಹನ್ನೆರಡು ಹುಡುಗಿಯರು. ಮೂರು ತಿಂಗಳಿಂದ ಜೊತೆಯಲ್ಲಿ ಕಲಿತವರೇ ಇವತ್ತಿನ ರೇಸಿಗೂ ಜೊತೆಯಾಗುತ್ತಾರೆಂದು ಎಲ್ಲರೂ ನಂಬಿಕೊಂಡಿದ್ದರು.

"ಕಡಲಾಗೆ ನಿಮಗೆ ಬೇಕಾದೋರೇ ಸಿಗ್ತಾರೆ ಅಂತ ಏನೂ ಇಲ್ಲ," ಎಂದರು ಗುರುಬಸವರಾಜ್. ಅವರು ನ್ಯಾಮತಿಯವರು. ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದು ಬಂದು, ಈ ಕೆರೆಯ ದಂಡೆಯಲ್ಲಿ ಹಾಯಿದೋಣಿ ಕಲಿಸುವ ಸಂಘ ಕಟ್ಟಿದ್ದರು. "ಯಾರ ಜೊತೆ ಕೂರಿಸಿದ್ರೂ ದೋಣಿ ನಡೆಸಾಕೆ ಬರ್ಬೇಕು. ಅದಕ್ಕೇ ಈ ಚೀಟಿ."

"ಸರ್, ಮದ್ವೆಗೂ ಹಿಂಗೇ ಚೀಟಿ ಎತ್ತಿಸಿಬಿಡ್ರಿ. ನಮ್ಮಪ್ಪನಿಗೆ ಓಡಾಟ ತಪ್ತೈತೆ," ಎಂದಳು ಆಶಾ. ಹುಡುಗಿಯರೆಲ್ಲ ನಕ್ಕರು. ಗುರುಬಸವರಾಜ್ ಕೂಡ ಮೀಸೆಯೊಳಗೆ ನಕ್ಕರು.

ಅಂಜಿನಮ್ಮ ಎತ್ತಿದ ಚೀಟಿಯಲ್ಲಿ ಇದ್ದದ್ದು ಆ ಆಶಾಳ ಹೆಸರೇ.

"ಬಾರವ್ವಾ ಮೌನಗೌರಿ," ಎಂದು ಆಶಾ ಅವಳ ಹೆಗಲ ಮೇಲೆ ಕೈ ಹಾಕಿದಳು. "ನಮ್ಮ ಜಗಳೂರು ಕಡೆ ನೀರು ಅಂದ್ರೆ ಟ್ಯಾಂಕರ್‌ನಾಗೆ ಬರೋದು. ನೀನು ನೀರಾಗೇ ಬೆಳೆದೋಳು. ನೀನು ಮುಂದೆ ಕೂತು ನೋಡು, ನಾನು ಚುಕ್ಕಾಣಿ ಹಿಡೀತೀನಿ. ಮಾತು ಇಬ್ಬರದ್ದೂ ನಾನೇ ಆಡ್ತೀನಿ."

ಅಂಜಿನಮ್ಮ ತಲೆಯಾಡಿಸಿದಳು. ಇಪ್ಪತ್ತು ವರ್ಷದ ಅವಳು ಏಳನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟವಳು. ಅಪ್ಪ ಚಿಕ್ಕಹನುಮಂತಪ್ಪನ ಬಲಭುಜ ಮುರಿದ ವರ್ಷ ತೆಪ್ಪಕ್ಕೆ ಇನ್ನೊಂದು ಜೋಡಿ ಕೈ ಬೇಕಾಯಿತು. ಅಂದು ಹುಟ್ಟು ಹಿಡಿದ ಕೈ ಮತ್ತೆ ಪುಸ್ತಕ ಹಿಡಿಯಲಿಲ್ಲ. ಮೀನಿನ ಬಲೆ ಎಳೆಯುತ್ತಿದ್ದ ಹುಡುಗಿಯನ್ನು ದಂಡೆಯಿಂದ ನೋಡಿ, ಸಂಘಕ್ಕೆ ಬಿಟ್ಟಿಯಾಗಿ ಸೇರಿಸಿಕೊಂಡವರು ಗುರುಬಸವರಾಜ್. ಅವಳಿಗೆ ಬಿಳಿ ಹಾಯಿ ಅಂದರೆ ಮೊದಲ ದಿನದಿಂದಲೇ ಏನೋ ಆಗಿಬಿಟ್ಟಿತ್ತು. ಯಾರಿಗೂ ಹೇಳಿರಲಿಲ್ಲ.

ಇವತ್ತು ಮೊದಲು ಬಂದ ದೋಣಿಯ ಇಬ್ಬರು, ಅವರ ಜೊತೆಗೆ ಕೋಚ್ ತಾವೇ ಆರಿಸುವ ಇನ್ನೊಬ್ಬಳು, ಹೀಗೆ ಮೂರು ಜನ ಕಾರವಾರಕ್ಕೆ ಹೋಗುವುದಿತ್ತು. ಅಲ್ಲಿ ಕಡಲ ತೀರದುದ್ದಕ್ಕೂ ಮೂರು ದಿನದ ರೇಸು. ಅಂಜಿನಮ್ಮ ಸಮುದ್ರ ನೋಡಿರಲಿಲ್ಲ. ಒಂದು ಸಲವಾದರೂ ಆ ಮೂವರಲ್ಲಿ ತಾನಿರಬೇಕು ಅನ್ನುವ ಆಸೆ ಅವಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು.

ದೋಣಿ ಇಳಿಸುವ ಹೊತ್ತಿಗೆ ಹೊನ್ನಾಳಿಯ ಪ್ರಮೀಳಾ ಹತ್ತಿರ ಬಂದಳು. ಅಡಿಕೆ ಮಂಡಿಯವರ ಮಗಳು, ಮೂರು ತಿಂಗಳೂ ಅಂಜಿನಮ್ಮನ ಜೊತೆಗಾತಿಯಾಗಿದ್ದವಳು.

"ಆಶಾಗೆ ನಿನ್ನ ಬಡಿಯೋ ವಿಷ್ಯ ಹೇಳಿದೀಯೇನೇ?" ಎಂದು ಪಿಸುಗುಟ್ಟಿದಳು.

"ಹೇಳ್ತೀನಿ."

"ನಾನು ಹೇಳ್ಲಾ?"

"ಬ್ಯಾಡಕ್ಕ. ನಾನೇ ಹೇಳ್ತೀನಿ."

ಆ ವಿಷಯ ಹೀಗಿತ್ತು. ಹಾಯಿದೋಣಿಯಲ್ಲಿ ಹಿಂದೆ ಕೂತವಳು ಚುಕ್ಕಾಣಿಯನ್ನೂ ದೊಡ್ಡ ಹಾಯಿಯ ಹಗ್ಗವನ್ನೂ ಹಿಡಿಯುತ್ತಾಳೆ. ಮುಂದೆ ಕೂತವಳ ದೊಡ್ಡ ಕೆಲಸವೆಂದರೆ ನೀರು ನೋಡುವುದು. ಜೋರು ಗಾಳಿ ಬರುವಾಗ ನೀರಿನ ಮೇಲೆ ಕಪ್ಪು ಪಟ್ಟಿಯೊಂದು ಹರಿದು ಬರುತ್ತದೆ. ಅದು ಕಂಡ ಕೂಡಲೇ 'ಗಾಳಿ' ಎಂದು ಕೂಗಬೇಕು, ಹಿಂದಿನವಳು ಹಗ್ಗ ಸಡಿಲ ಬಿಡಬೇಕು, ಇಲ್ಲದಿದ್ದರೆ ದೋಣಿ ಮಗುಚುತ್ತದೆ. ಅಂಜಿನಮ್ಮನ ಕಣ್ಣಿಗೆ ಆ ಪಟ್ಟಿ ಎಲ್ಲರಿಗಿಂತ ಮೊದಲು ಬೀಳುತ್ತಿತ್ತು. ಆದರೆ ಅವಳ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ.

ಕೆರೆಯಲ್ಲಿ ತೆಪ್ಪ ಹಾಕುವ ಅವಳ ಮನೆಯವರಾರೂ ನೀರಿನ ಮೇಲೆ ಅದರ ಹೆಸರೆತ್ತುವುದಿಲ್ಲ. 'ಅದು' ಎನ್ನುವುದೂ ದಂಡೆಗೆ ಬಂದ ಮೇಲೆಯೇ. ಹೆಸರು ಹಿಡಿದರೆ ಕರೆದ ಹಾಗೆ, ಕರೆದವರನ್ನು ಹುಡುಕಿಕೊಂಡು ಬರುತ್ತದೆ ಎಂದು ಅಜ್ಜಿ ಉಡಚಮ್ಮ ಹೇಳುತ್ತಿದ್ದಳು. ಬರುವುದು ಕಂಡರೆ ಹುಟ್ಟುಗೋಲಿನಿಂದ ತೆಪ್ಪದ ಅಂಚಿಗೆ ಎರಡು ಬಡಿತ. ಅಷ್ಟಾದರೆ ಜೊತೆಯವರು ಬಲೆ ಎಳೆದು ತಗ್ಗಿ ಕೂರುತ್ತಾರೆ. ಏಳು ವರ್ಷದವಳಿದ್ದಾಗ ಅಂಜಿನಮ್ಮ ಒಮ್ಮೆ ತೆಪ್ಪದಲ್ಲಿ ಎದ್ದು ನಿಂತು, "ಅಪ್ಪಾ, ಗಾಳಿ ಬಂತು," ಅಂದಿದ್ದಳು. ಒಂದು ದಿನವೂ ಅವಳಿಗೆ ಹೊಡೆಯದ ಚಿಕ್ಕಹನುಮಂತಪ್ಪ ಅಂದು ಒದ್ದೆ ಅಂಗೈಯಿಂದ ಅವಳ ಬಾಯಿ ಒತ್ತಿ ಹಿಡಿದಿದ್ದ. ಅವಳ ತುಟಿ ಅವಳ ಹಲ್ಲಿಗೇ ಸಿಕ್ಕಿ ಒಡೆದಿತ್ತು. ಮೀನಿನ ವಾಸನೆ, ರಕ್ತದ ರುಚಿ. ಅಂದಿನಿಂದ ಆ ಮಾತು ಗಂಟಲಿನ ಒಳಗೇ ನಿಂತುಬಿಟ್ಟಿತು. ದಂಡೆಯ ಮೇಲೆ ಫ್ಯಾನಿನ ಗಾಳಿ, ಸೈಕಲ್ಲಿನ ಗಾಳಿ ಅನ್ನುವುದಕ್ಕೆ ತೊಂದರೆಯಿರಲಿಲ್ಲ. ನೀರಿಗಿಳಿದರೆ ಆಗುತ್ತಿರಲಿಲ್ಲ.

ಪ್ರಮೀಳಾ ಎರಡನೇ ದಿನಕ್ಕೇ ಅದನ್ನು ಅರ್ಥ ಮಾಡಿಕೊಂಡಿದ್ದಳು. ದೋಣಿಯ ಅಂಚಿಗೆ ಎರಡು ಬಡಿತ ಕೇಳಿದರೆ ಹಗ್ಗ ಬಿಡುತ್ತಿದ್ದಳು. ದೂರದ ಮೋಟಾರು ದೋಣಿಯಲ್ಲಿ ಕೂತಿರುತ್ತಿದ್ದ ಕೋಚ್‌ಗೆ, ಅಂಜಿನಮ್ಮ ಕೂಗುತ್ತಾಳೋ ಬಡಿಯುತ್ತಾಳೋ ತಿಳಿಯುತ್ತಿರಲಿಲ್ಲ.

ಆಶಾಗೆ ಹೇಳಬೇಕೆಂದು ಅಂಜಿನಮ್ಮ ಮೂರು ಸಲ ಬಾಯಿ ತೆರೆದಳು. ಒಂದು ಸಲ ಆಶಾ ಹಗ್ಗ ಕಟ್ಟುತ್ತಿದ್ದಳು. ಇನ್ನೊಂದು ಸಲ ಮೊಬೈಲಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದಳು. ಮೂರನೆಯ ಸಲ ಆಶಾಳೇ ಕೇಳಿದಳು:

"ಅಲ್ಲ ಕಣೇ, ಜೋರು ಗಾಳಿ ಬಂದಾಗಾದ್ರೂ ಬಾಯಿ ಬಿಡ್ತೀಯ ತಾನೆ? ನಂಗೆ ಬೆನ್ನಾಗೆ ಕಣ್ಣಿಲ್ಲ ಮತ್ತೆ."

ಡಿಗ್ರಿ ಓದಿದ ಹುಡುಗಿ. ನಮ್ಮಲ್ಲಿ ಹೆಸರು ಹೇಳುವುದಿಲ್ಲ ಎಂದರೆ ಕೆರೆ ತುಂಬ ಕೇಳುವ ಹಾಗೆ ನಗುತ್ತಾಳೆ. ಆಮೇಲೆ ಎಲ್ಲರೂ ನಗುತ್ತಾರೆ. ಅಂಜಿನಮ್ಮ "ಹೂಂ ಅಕ್ಕ," ಅಂದಳು.

ಒಂಬತ್ತೂವರೆಗೆ ಸೀಟಿ ಊದಿದರು. ಕೆರೆಯ ನಡುವೆ ಕಿತ್ತಳೆ ಬಣ್ಣದ ಎರಡು ಡ್ರಮ್ಮು ತೇಲುತ್ತಿದ್ದವು, ಒಂದು ಏರಿಗೆ ಹತ್ತಿರ, ಒಂದು ಆಚೆ ದಂಡೆಗೆ ಹತ್ತಿರ. ಅವೆರಡನ್ನೂ ಸುತ್ತಿ ಮೂರು ಸುತ್ತು ಬರಬೇಕಿತ್ತು. ಮೊದಲ ಸುತ್ತಿನಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ಆರು ಹಾಯಿಗಳೂ ಒಣಹಾಕಿದ ಪಂಚೆಗಳ ಹಾಗೆ ಜೋತುಬಿದ್ದಿದ್ದವು. ನೀರು ಕಾಯಿಸಿದ ಎಣ್ಣೆಯ ಹಾಗೆ ಹೊಳೆಯುತ್ತಿತ್ತು. ಆಶಾ ಸೆಖೆ ತಡೆಯಲಾರದೆ ಲೈಫ್ ಜಾಕೆಟ್ಟಿನ ಪಟ್ಟಿ ಸಡಿಲ ಮಾಡಿಕೊಂಡಳು.

"ಹಿಂಗೇ ಆದ್ರೆ ಸಂಜೆಗೆ ಮುಟ್ತೀವಿ. ಬುತ್ತಿ ತಂದಿದೀಯೇನೇ?"

ಅಂಜಿನಮ್ಮನ ಕಣ್ಣು ನೀರಿನ ಮೇಲಿತ್ತು. ಎಡಗಡೆ ದೂರದಲ್ಲಿ ನೀರು ಚೂರು ನಿರಿಗೆ ಬಿದ್ದದ್ದು ಕಂಡಿತು. ಗದ್ದ ಎತ್ತಿ ಆ ಕಡೆ ತೋರಿಸಿದಳು. ಸಣ್ಣದನ್ನು ಹೀಗೆ ತೋರಿಸುವುದಕ್ಕೆ ಅವರ ಮನೆಯಲ್ಲಿ ಅಡ್ಡಿಯಿರಲಿಲ್ಲ, ದೊಡ್ಡದಕ್ಕೆ ಮಾತ್ರ ಬಡಿತ. ಆಶಾ ಚುರುಕು. ಕಾರಣ ಕೇಳದೆ ಚುಕ್ಕಾಣಿ ತಿರುಗಿಸಿದಳು. ಹಾಯಿ ಉಬ್ಬಿತು. ಉಳಿದ ಐದು ದೋಣಿಗಳು ನಿಂತಲ್ಲೇ ನಿಂತಿರುವಾಗ ಅವರ ದೋಣಿಯೊಂದೇ ನೀರನ್ನು ಸೀಳಿಕೊಂಡು ಹೊರಟಿತು. ಮತ್ತೊಂದು ನಿರಿಗೆ ಕಂಡಿತು, ಮತ್ತೊಮ್ಮೆ ಗದ್ದ ಎದ್ದಿತು. ಎರಡನೇ ಸುತ್ತು ಮುಗಿಯುವ ಹೊತ್ತಿಗೆ ಹಿಂದಿನ ದೋಣಿಗೂ ಇವರಿಗೂ ಒಂದು ಗದ್ದೆಯುದ್ದದ ಅಂತರವಿತ್ತು.

"ಯವ್ವಾ, ನಿನ್ನ ಗದ್ದಕ್ಕೆ ಬಂಗಾರ ಹಾಕಿಸ್ಬೇಕು ಕಣೇ," ಎಂದಳು ಆಶಾ. "ನೀನು ಮಾತಾಡದಿದ್ರೂ ಗೆಲ್ತೀವಿ ಬಿಡು. ಕಾರವಾರದಾಗೆ ಮೀನು ತಿನ್ನಿಸ್ತೀಯಾ? ನಮ್ಮ ಮನ್ಯಾಗೆ ಗೊತ್ತಾಗಂಗಿಲ್ಲ ಮತ್ತೆ."

ಅಂಜಿನಮ್ಮನಿಗೆ ನಗು ಬಂತು. ಅಷ್ಟು ಹೊತ್ತಿಗೆ ಅವಳ ಮನಸ್ಸು ಆಗಲೇ ಕಾರವಾರದಲ್ಲಿತ್ತು. ದಂಡೆಯೇ ಕಾಣದಷ್ಟು ನೀರು ಹೇಗಿರಬಹುದು ಎಂದು ನೋಡುತ್ತಿತ್ತು.

ಮೂರನೇ ಸುತ್ತಿಗೆ ಏರಿಯ ಹತ್ತಿರದ ಡ್ರಮ್ಮು ಸುತ್ತಿದರು. ಇನ್ನು ಏರಿಗೆ ಬೆನ್ನು ಹಾಕಿ ಆಚೆ ದಂಡೆಗೆ ಓಡುವುದು. ಮೆಲ್ಲನೆ ಬೀಸುವ ಗಾಳಿ ಈಗ ಹಿಂದಿನಿಂದ. ಹಾಯಿಯನ್ನು ಪೂರ್ತಿ ಹೊರಕ್ಕೆ ಚಾಚಿ, ಆಶಾ ಮುಂದಕ್ಕೆ ಮುಖ ಮಾಡಿ ಕೂತಳು. ಅಂಜಿನಮ್ಮ ಹಾಯಿಗಂಬಕ್ಕೆ ಒರಗಿ ಹಿಂದಕ್ಕೆ ಮುಖ ಮಾಡಿದಳು. ಇಂಥ ಓಟದಲ್ಲಿ ಮುಂದಿನವಳೇ ಹಿಂದೆ ನೋಡಬೇಕು.

ಏರಿಯ ಎರಡೂ ಕಡೆ ಗುಡ್ಡ. ಅವುಗಳ ಸಂದಿನಲ್ಲಿ ಆಕಾಶ ಹದಿನೈದು ನಿಮಿಷದ ಹಿಂದೆ ಬೆಳ್ಳಗಿತ್ತು. ಈಗ ಅಲ್ಲಿ ನೇರಳೆ ಬಣ್ಣದ ಮೋಡ ಮಂಡಿಯೂರಿತ್ತು. ಅದರ ಕೆಳಗೆ, ಏರಿಯ ಬುಡದಿಂದ ನೀರು ಇದ್ದಕ್ಕಿದ್ದ ಹಾಗೆ ಕಪ್ಪಾಯಿತು. ಕಪ್ಪಿನ ಮುಂದೆ ಬಿಳಿ ನೊರೆಯ ಅಂಚು. ಅದು ನಡೆದು ಬರುತ್ತಿರಲಿಲ್ಲ, ಓಡಿ ಬರುತ್ತಿತ್ತು.

ಅಂಜಿನಮ್ಮ ದೋಣಿಯ ಅಂಚಿಗೆ ಎರಡು ಸಲ ಬಡಿದಳು.

ಆಶಾ ಅವಳ ಕೈ ನೋಡಿದಳು, ಮುಖ ನೋಡಿದಳು, ನಕ್ಕಳು. ಗೆಲ್ಲುವ ಖುಷಿಗೆ ತಾಳ ಹಾಕುತ್ತಿದ್ದಾಳೆ ಎಂದುಕೊಂಡಳು. ತಾನೂ ಚುಕ್ಕಾಣಿ ಹಿಡಿದ ಕೈಯ ಬೆರಳುಗಳಿಂದ ಟಕ್ ಟಕ್ ಎಂದು ಎರಡು ಸಲ ಬಡಿದಳು.

"ಅಬ್ಬಾ, ಈಗ ಬಂತು ನೋಡು ಜೀವ. ಬಡಿಯೇ, ಬಡಿ."

ಅಂಜಿನಮ್ಮ ಮತ್ತೆ ಬಡಿದಳು. ಜೋರಾಗಿ, ಗೆಣ್ಣು ನೋಯುವ ಹಾಗೆ. ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಇತ್ತು. ಗಂಟಲಿನ ಬುಡದಲ್ಲಿ ಮಾತು ಇತ್ತು, ಅದರ ಮೇಲೆ ಒದ್ದೆ ಅಂಗೈ ಇತ್ತು. ಆಶಾ ಹಗ್ಗ ಬಿಡಲಿಲ್ಲ. ಅವಳು ನಗುತ್ತಲೇ ಇದ್ದಳು. ಆಗ ಹಿಂದಿನ ದೋಣಿಯಿಂದ ಯಾರೋ "ಗಾಳೀ" ಎಂದು ಕೂಗಿದ್ದು ಕೇಳಿಸಿತು. ಆ ಕೂಗೂ ಗಾಳಿಯೂ ಒಟ್ಟಿಗೇ ಬಂದು ಮುಟ್ಟಿದವು.

ಹಾಯಿಯ ಅಡಿಯ ಅಡ್ಡಗಂಬ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಾಗಿಲು ಬಡಿದುಕೊಂಡ ಹಾಗೆ ಬೀಸಿ ಬಂತು. ಆಶಾಳ ತಲೆಗೆ ಬಡಿದ ಸದ್ದು ಅಂಜಿನಮ್ಮನಿಗೆ ಕೇಳಿಸಿತು. ಒಣ ಸದ್ದು. ತೆಂಗಿನಕಾಯಿ ಒಡೆದಾಗಿನ ಸದ್ದು. ಆಮೇಲೆ ಆಕಾಶ ಕಾಲ ಕೆಳಗಿತ್ತು, ಮೂಗಿನೊಳಗೆ ನೀರಿತ್ತು.

ಮೇಲೆ ಬಂದಾಗ ಮಳೆ ಹೊಡೆಯುತ್ತಿತ್ತು. ದೋಣಿ ಮಗ್ಗುಲಾಗಿ ಬಿದ್ದು, ಹಾಯಿ ನೀರಿನ ಮೇಲೆ ಚಾಪೆಯ ಹಾಗೆ ಹರಡಿಕೊಂಡಿತ್ತು. ಆಶಾ ಇರಲಿಲ್ಲ.

ಅಂಜಿನಮ್ಮ ಸುತ್ತ ನೋಡಿದಳು. ಎಲ್ಲೂ ಇರಲಿಲ್ಲ. ಹಾಯಿಯ ನಡುವೆ ಒಂದು ಕಡೆ ಬಟ್ಟೆ ಉಬ್ಬಿತ್ತು, ಬಲೆಯಲ್ಲಿ ದೊಡ್ಡ ಮೀನು ಸಿಕ್ಕಾಗ ಉಬ್ಬುವ ಹಾಗೆ. ಆದರೆ ಮೀನು ಒದ್ದಾಡುತ್ತದೆ. ಈ ಉಬ್ಬು ಅಲುಗುತ್ತಿರಲಿಲ್ಲ.

ಅವಳು ತನ್ನ ಲೈಫ್ ಜಾಕೆಟ್ಟು ಕಿತ್ತೆಸೆದು ಮುಳುಗಿದಳು. ಹಾಯಿಯ ಕೆಳಗೆ ಹಸಿರು ಬೆಳಕಿತ್ತು. ಆಶಾಳ ಜಾಕೆಟ್ಟು ಕುತ್ತಿಗೆಗೆ ಏರಿ, ಅವಳನ್ನು ಹಾಯಿಯ ಬಟ್ಟೆಗೆ ಒತ್ತಿ ಹಿಡಿದಿತ್ತು. ಕಣ್ಣು ಅರ್ಧ ತೆರೆದಿತ್ತು. ಅಂಜಿನಮ್ಮ ಪಟ್ಟಿ ಸಡಿಲಾಗಿದ್ದ ಆ ಜಾಕೆಟ್ಟನ್ನು ತಲೆಯ ಮೇಲಿಂದ ಎಳೆದು ಬಿಡಿಸಿ, ಜಡೆಗೆ ಕೈ ಹಾಕಿ, ಇನ್ನೊಂದು ಕೈಯಲ್ಲಿ ಹಾಯಿಯ ಹೊಲಿಗೆ ತಡವುತ್ತಾ ಅಂಚಿನ ತನಕ ಬಂದಳು. ಎದೆ ಒಡೆಯುತ್ತದೆ ಅನ್ನುವಾಗ ತಲೆ ಮೇಲೆ ಬಂತು. ಆಶಾಳ ತಲೆ ಅವಳ ಹೆಗಲ ಮೇಲೆ ಒರಗಿತು. ತುಟಿ ನೀಲಿಯಾಗಿತ್ತು. ಅಷ್ಟು ಮಾತಾಡುತ್ತಿದ್ದ ಬಾಯಿ.

ಮೋಟಾರು ದೋಣಿ ಬಂದದ್ದು, ಕೈಗಳು ಮೇಲಕ್ಕೆಳೆದದ್ದು, ಗುರುಬಸವರಾಜ್ ಆಶಾಳ ಎದೆಯನ್ನು ಒತ್ತೊತ್ತಿ ಎಣಿಸಿದ್ದು, ಇವೆಲ್ಲ ಅಂಜಿನಮ್ಮನಿಗೆ ಬೇರೆ ಯಾರಿಗೋ ಆದದ್ದರ ಹಾಗೆ ಕಂಡವು. ದಂಡೆ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಆಶಾ ಒಮ್ಮೆ ಬಿಕ್ಕಿದಳು. ಬಾಯಿಂದ ನೀರು ಬಂತು, ಮತ್ತೆ ನೀರು, ಆಮೇಲೆ ಉಸಿರು. ಗುರುಬಸವರಾಜ್ ಹಿಂದಕ್ಕೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮಳೆ ಬಂದಷ್ಟೇ ಬೇಗ ನಿಂತಿತ್ತು. ಬಿಸಿಲು ಬಿದ್ದಿತ್ತು. ಕೆರೆ ಏನೂ ಆಗದವರ ಹಾಗೆ ಮಲಗಿತ್ತು.

ಆಂಬುಲೆನ್ಸು ಚನ್ನಗಿರಿಯ ದಾರಿ ಹಿಡಿಯಿತು. ಏರಿಯ ಮೇಲೆ ಜನ ಅಂಜಿನಮ್ಮನನ್ನು ಸುತ್ತಿಕೊಂಡರು. ಯಾರೋ ಟವೆಲ್ ಹೊದಿಸಿದರು, ಯಾರೋ ಟೀ ಕೊಟ್ಟರು, ಯಾರೋ ಫೋಟೋ ತೆಗೆದರು. ಚಿಕ್ಕಹನುಮಂತಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವಳ ತಲೆ ಒರೆಸಿದ.

"ನನ್ನ ಮಗಳು ಕಣ್ರಿ," ಎಂದ ಪಕ್ಕದವರಿಗೆ. "ನಾಲ್ಕು ವರ್ಷದೋಳಿದ್ದಾಗಿಂದ ನೀರಾಗೇ ಇರೋಳು."

ಉಳಿದ ದೋಣಿಗಳಿಗೆ ಏನೂ ಆಗಿರಲಿಲ್ಲ. ಕೂಗು ಕೇಳಿದ ಕೂಡಲೇ ಎಲ್ಲರೂ ಹಗ್ಗ ಬಿಟ್ಟಿದ್ದರು. ಪ್ರಮೀಳಾಳ ದೋಣಿ ಮೊದಲು ಬಂದಿತ್ತು. ಪ್ರಮೀಳಾ ಗುಂಪಿನ ಹೊರಗೆ ನಿಂತು ಅಂಜಿನಮ್ಮನನ್ನೇ ನೋಡುತ್ತಿದ್ದಳು, ಹತ್ತಿರ ಬರಲಿಲ್ಲ.

ಸಂಜೆ ನಾಲ್ಕಕ್ಕೆ ಗುರುಬಸವರಾಜ್ ಅಂಜಿನಮ್ಮನನ್ನೂ ಅವಳ ಅಪ್ಪನನ್ನೂ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಆಶಾ ಅಪಾಯದಿಂದ ಪಾರಾಗಿದ್ದಳು. ಹಣೆಗೆ ಹನ್ನೊಂದು ಹೊಲಿಗೆ. ಬಲಗಣ್ಣಿಗೂ ಪೆಟ್ಟಾಗಿತ್ತು. ಎರಡು ದಿನ ಬಿಟ್ಟು ನೋಡಬೇಕು, ಈಗಲೇ ಏನೂ ಹೇಳಲಾಗದು ಅಂದಿದ್ದರಂತೆ ಡಾಕ್ಟರು.

"ರಿಪೋರ್ಟ್ ಬರೀಬೇಕು," ಎಂದರು ಗುರುಬಸವರಾಜ್, ಕಾರು ಓಡಿಸುತ್ತಾ. "ಗಾಳಿ ಏಕಾಏಕಿ ಬಂತು, ಯಾರ ಕಣ್ಣಿಗೂ ಬೀಳ್ಲಿಲ್ಲ. ಅಷ್ಟೇ ಅಲ್ವೇನಮ್ಮಾ?"

ಅಂಜಿನಮ್ಮ ಕಿಟಕಿಯಿಂದ ಹೊರಗೆ ನೋಡಿದಳು. ಅವರು ಅವಳ ಮೌನಕ್ಕೆ ಒಗ್ಗಿಹೋಗಿದ್ದರು. ಅದನ್ನೇ ಹೌದು ಎಂದುಕೊಂಡರು.

"ಇನ್ನೊಂದು. ಕಾರವಾರಕ್ಕೆ ಮೂರನೆಯೋಳು ಯಾರು ಅಂತ ನಾನು ಯೋಚನೆ ಮಾಡೋ ಹಂಗೇ ಇಲ್ಲ. ನಿನ್ನ ಹೆಸರೇ ಬರ್ದಿದೀನಿ. ಚಿಕ್ಕಹನುಮಂತಪ್ಪ, ಕಳಿಸ್ತೀರಿ ತಾನೆ?"

"ಕಳಿಸ್ದೆ ಇರ್ತೀನಾ ಸರ್," ಎಂದ ಅಪ್ಪ.

ಮೂರು ತಿಂಗಳು ಬಯಸಿದ ಮಾತು ಕಿವಿಗೆ ಬಿದ್ದಾಗ ಬೇಡ ಅನ್ನಿಸಬಹುದೆಂದು ಅಂಜಿನಮ್ಮನಿಗೆ ಗೊತ್ತಿರಲಿಲ್ಲ. ಹಾಯಿಯ ಕೆಳಗಿನ ಅರ್ಧ ತೆರೆದ ಕಣ್ಣು ಮತ್ತೆ ಮತ್ತೆ ಎದುರಿಗೆ ಬರುತ್ತಿತ್ತು. ಅದು ಬಲಗಣ್ಣೋ ಎಡಗಣ್ಣೋ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಆಗದೆ, ಟವೆಲ್ಲಿನ ತುದಿ ಕಚ್ಚಿ ಹಿಡಿದಳು.

ವಾರ್ಡಿನಲ್ಲಿ ಆಶಾ ದಿಂಬಿಗೆ ಒರಗಿ ಕೂತಿದ್ದಳು. ತಲೆಗೆ, ಬಲಗಣ್ಣಿಗೆ ಬಿಳಿ ಪಟ್ಟಿ. ಉಳಿದ ಕಣ್ಣಿನಲ್ಲಿ ಅಂಜಿನಮ್ಮನನ್ನು ನೋಡಿ ತುಟಿ ಅಗಲಿಸಿದಳು.

"ಬಂದ್ಯಾ ನನ್ನ ತಾಯಿ," ಎಂದಳು ಮೆಲ್ಲಗೆ. "ಜಡೆ ಹಿಡ್ಕೊಂಡು ಎಳೆದ್ಯಂತಲ್ಲೇ. ನಮ್ಮವ್ವ ದಿನಾ ಜಡೆ ಕತ್ತರಿಸ್ತೀನಿ ಅಂತಿದ್ಲು. ಸದ್ಯ ಬಿಟ್ಟಿದ್ದು ಒಳ್ಳೇದಾತು." ಸ್ವಲ್ಪ ತಡೆದಳು. "ನಂಗೆ ಒಂದೂ ನೆನಪಿಲ್ಲ ಅಂಜಿ. ನೀನು ತಾಳ ಹಾಕ್ತಿದ್ದೆ, ನಾನೂ ಹಾಕಿದೆ. ಆಮೇಲೇನಾತು?"

ಹಿಂದೆ ಅಪ್ಪ ನಿಂತಿದ್ದ, ಅವನ ಹಿಂದೆ ಕೋಚ್. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಉಸಿರಾಡಿದಷ್ಟು ಸಲೀಸು.

"ಅದು ತಾಳ ಅಲ್ಲಕ್ಕ," ಎಂದಳು.

"ಮತ್ತೆ?"

"ಅದು ಬರೋದು ನಂಗೆ ಕಂಡಿತ್ತು. ನಮ್ಮ ಮನ್ಯಾಗೆ ಬಾಯಾಗೆ ಹೇಳಲ್ಲ, ಬಡೀತೀವಿ. ಪ್ರಮೀಳಕ್ಕಂಗೆ ಗೊತ್ತಿತ್ತು. ನಿಂಗೆ ಹೇಳ್ತೀನಿ ಅಂದು ಹೇಳ್ಲಿಲ್ಲ. ನೀನು ನಗ್ತೀಯ ಅಂತ."

ಆಶಾಳ ಕಣ್ಣು ಅವಳ ಮುಖದ ಮೇಲೆಯೇ ಇತ್ತು, ಏನೋ ಓದುತ್ತಾ ಅರ್ಥವಾಗದೆ ಮತ್ತೆ ಅದೇ ಸಾಲಿಗೆ ಬರುವವರ ಹಾಗೆ.

"ಕಂಡಿತ್ತಾ," ಎಂದಳು ಕೊನೆಗೆ.

"ಹೂಂ."

"ಎಷ್ಟು ಮುಂಚೆ?"

ಅಂಜಿನಮ್ಮ ಬೆಳಗಿನಿಂದ ಅದನ್ನೇ ಲೆಕ್ಕ ಹಾಕುತ್ತಿದ್ದಳು.

"ಹತ್ತು ಎಣಿಸೋವಷ್ಟು."

ಆಶಾ ದಿಂಬಿಗೆ ತಲೆ ಒರಗಿಸಿ, ಇದ್ದ ಒಂದು ಕಣ್ಣನ್ನೂ ಮುಚ್ಚಿಕೊಂಡಳು. ನಿದ್ದೆ ಬಂತೇನೋ ಎಂದುಕೊಳ್ಳುವಷ್ಟರಲ್ಲಿ ಅವಳ ತುಟಿ ಅಲುಗಿತು.

"ಒಂದು," ಎಂದಳು. ಉಸಿರು ತೆಗೆದುಕೊಂಡಳು. "ಎರಡು."

ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಮೂರು ಅಂದಾಗ ಗುರುಬಸವರಾಜ್ ಏನೋ ಹೇಳಲು ಕೈಯೆತ್ತಿ ಇಳಿಸಿದರು. ನಾಲ್ಕು, ಐದು. ಆ ನಡುವೆ ಎಷ್ಟು ಸಮಯವಿತ್ತೆಂದರೆ, ಹೊರಗೆ ಒಂದು ಬಸ್ಸು ಬಂದು ನಿಂತು ಜನರನ್ನು ಇಳಿಸಿತು. ಆರು. ಅಂಜಿನಮ್ಮನಿಗೆ ಸಾಕು ಅನ್ನಬೇಕೆನಿಸಿತು. ಏಳು ಅಂದಾಗ ಚಿಕ್ಕಹನುಮಂತಪ್ಪ ತನ್ನ ಬಲಗೈಯ ಅಂಗೈಯನ್ನು ನೋಡಿಕೊಂಡು, ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡ.

"ಸರ್," ಎಂದ ಅವನು, ಕೋಚ್ ಕಡೆಗೆ ತಿರುಗಿ. "ಅದು ನಾನು ಕಲಿಸಿದ್ದು ಸರ್. ಅವಳ ತಪ್ಪಲ್ಲ."

"ಎಂಟು," ಎಂದಳು ಆಶಾ. "ಒಂಬತ್ತು." ಹತ್ತು ಹೇಳಲಿಲ್ಲ. ಕಣ್ಣು ಬಿಟ್ಟಳು.

"ಹಗ್ಗ ಬಿಡಾಕೆ ಒಂದು ಸಾಕಿತ್ತಲ್ಲೇ," ಎಂದಳು. ಬೈಗುಳದ ದನಿಯಿರಲಿಲ್ಲ. ಕೇಳುವ ದನಿಯಿತ್ತು, ಅದೇ ಕಷ್ಟವಾಗಿತ್ತು. "ಒಂದ್ಸಲ ಬಾಯಿ ಬಿಟ್ಟಿದ್ರೆ."

"ಬಿಡಾಕೆ ಆಗ್ಲಿಲ್ಲಕ್ಕ."

ಗುರುಬಸವರಾಜ್ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಮೂರು ಹೆಸರಿನ ಕಾಗದ. ಅದನ್ನು ಬಿಡಿಸಿ ಸ್ವಲ್ಪ ಹೊತ್ತು ನೋಡಿದರು. ಅವರ ಮುಖ ಬೆಳಿಗ್ಗೆಗಿಂತ ಹತ್ತು ವರ್ಷ ಹೆಚ್ಚಾದವರ ಮುಖವಾಗಿತ್ತು.

"ಮೂರು ತಿಂಗಳು ನಾನೂ ಕೇಳಿಸ್ಕೊಳ್ಳಲಿಲ್ಲ," ಎಂದರು. "ದೂರ ಕೂತಿದ್ದೆ." ಆಮೇಲೆ ಅವಳ ಕಡೆ ತಿರುಗಿ, "ಕಡಲಾಗೆ ಒಬ್ರ ಬಾಯಾಗೆ ಮೂರು ಜನರ ಜೀವ ಇರ್ತೈತಮ್ಮಾ," ಎಂದರು.

"ಗೊತ್ತು ಸರ್. ನನ್ನ ಹೆಸರು ತೆಗೀರಿ."

ಅವರು ಪೆನ್ನಿಗಾಗಿ ಜೇಬು ತಡವಿದರು, ಸಿಗಲಿಲ್ಲ. ಮಂಚದ ಪಕ್ಕದ ಮೇಜಿನ ಮೇಲೆ ನರ್ಸ್ ಬಿಟ್ಟುಹೋದ ಪೆನ್ನಿತ್ತು. ಅಂಜಿನಮ್ಮ ಅದನ್ನು ತೆಗೆದು ಅವರ ಕೈಗೆ ಕೊಟ್ಟಳು. ಅವರು ಗೋಡೆಗೆ ಕಾಗದ ಒತ್ತಿ ಗೆರೆ ಎಳೆಯುವುದನ್ನು ನೋಡಿದಳು. ಪೆನ್ನಿನ ಸದ್ದು ಇಡೀ ವಾರ್ಡಿಗೆ ಕೇಳಿಸುವಷ್ಟು ಜೋರಾಗಿತ್ತು.

ಆಶಾ ಗೋಡೆಯ ಕಡೆ ಮಗ್ಗುಲಾಗಿದ್ದಳು. ಅವಳ ಒದ್ದೆ ಜಡೆಯಲ್ಲಿ ಇನ್ನೂ ಕೆರೆಯ ಪಾಚಿ ಅಂಟಿತ್ತು. ಅಂಜಿನಮ್ಮ ಮಂಚದ ಬಳಿಯ ಸ್ಟೂಲ್ ಎಳೆದುಕೊಂಡು ಕೂತಳು. ಹೋಗು ಎಂದು ಆಶಾ ಅನ್ನಲಿಲ್ಲ. ಕೂತುಕೋ ಎಂದೂ ಅನ್ನಲಿಲ್ಲ.